ನಗೆನಾಟಕಕ್ಕೆ ಮೊಬೈಲ್ ಬಂದುದರಿಂದ ಸೇವಕನ ಪಾತ್ರ ರದ್ದು

ಸಂಖ್ಯೆ: ರಂಗ/ನಗೆ/ಪರಿಷ್ಕರಣೆ/೪೭

ಸುತ್ತೋಲೆ

ವಿಷಯ: ಇಲಾಖೆಯ ತಂಡ ಆಡುತ್ತಿರುವ ಹಳೆಯ ನಗೆನಾಟಕವನ್ನು ಇಂದಿನ ಕಾಲಕ್ಕೆ ಒಗ್ಗಿಸುವ ಕುರಿತು.

ಉಲ್ಲೇಖ: ಹೊಸ ಪ್ರಯೋಗದಲ್ಲಿ ಯಾರೂ ನಗಲಿಲ್ಲವೆಂಬ ಸಭಾಂಗಣದ ಕಾವಲುಗಾರರ ವರದಿ.

ಸದರಿ ನಾಟಕದಲ್ಲಿ ಜಿಪುಣ ಯಜಮಾನನು ತನ್ನ ಸೊಸೆಯಾಗತಕ್ಕವಳ ಮನೆಗೆ ಮದುವೆಯ ಮಾತು ಹೇಳಿ ಕಳುಹಿಸುತ್ತಾನೆ. ಮಾತು ಮುಟ್ಟಿಸಲು ಹೋದ ಸೇವಕನು ತಪ್ಪಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ. ಮುಂದಿನ ಎರಡು ಗಂಟೆಯ ಗೊಂದಲಕ್ಕೆ ಇದೊಂದೇ ಕಾರಣವೆಂದು ತಜ್ಞರ ಸಮಿತಿ ಪತ್ತೆಹಚ್ಚಿದ್ದು, ಅದನ್ನು ನಿವಾರಿಸಲು ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಯಜಮಾನನಿಗೆ ಮೊಬೈಲ್ ಒದಗಿಸಲಾಗಿದೆ. ಬೀಗರೊಡನೆ ಅವನೇ ನೇರವಾಗಿ ಮಾತನಾಡತಕ್ಕದ್ದು.

೨. ಇದರಿಂದ ಮದುವೆ ಮೊದಲ ದೃಶ್ಯದಲ್ಲೇ ನಿಶ್ಚಯವಾಗುತ್ತದೆ. ಆದರೂ ನಾಟಕದ ಮಂಜೂರಾದ ಅವಧಿ ಎರಡು ಗಂಟೆಯಾದ ಕಾರಣ, ಉಳಿದ ಸಮಯ ಪಾತ್ರಧಾರಿಗಳು ವೇದಿಕೆಯ ಮೇಲೆ ಹಾಜರಿರತಕ್ಕದ್ದು. ಪ್ರೇಕ್ಷಕರೂ ಅಷ್ಟೇ.

೩. ಮಂಚದ ಕೆಳಗೆ ಅವಿತುಕೊಳ್ಳುವ ಪ್ರಿಯಕರನು ತಾನಿರುವ ಜಾಗದ ಲೊಕೇಶನ್ ಅನ್ನು ಹುಡುಗಿಯ ತಂದೆಗೆ ಮುಂಚಿತವಾಗಿ ಕಳುಹಿಸತಕ್ಕದ್ದು.

೪. ಕದ್ದು ಕೇಳುವ ಅತ್ತೆಯು, ಯಾರ ಮಾತನ್ನು ಕದ್ದು ಕೇಳಲಿದ್ದಾಳೋ ಅವರ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.

೫. ಪ್ರೇಕ್ಷಕರು ಹಸಿರು ದೀಪ ಹತ್ತಿದಾಗ ಮಾತ್ರ ನಗತಕ್ಕದ್ದು. ದೀಪ ಕೆಟ್ಟಿದ್ದಲ್ಲಿ ದುರಸ್ತಿಯಾಗುವವರೆಗೆ ನಗುವನ್ನು ತಡೆಹಿಡಿಯುವುದು.

೬. ಹೇಳಿ ಕಳುಹಿಸುವ ಕೆಲಸವೇ ಇಲ್ಲವಾದ್ದರಿಂದ ಸೇವಕನ ಪಾತ್ರವನ್ನು ರದ್ದುಪಡಿಸಿ, ತಲೆ ನರೆಯುವವರೆಗೆ ಅದೊಂದೇ ಪಾತ್ರ ಮಾಡಿಕೊಂಡು ಬಂದ ಹಿರಿಯ ನಟರನ್ನು ಪರದೆ ಎಳೆಯುವ ಕೆಲಸಕ್ಕೆ ಹಾಕಲಾಗಿತ್ತು. "ಸ್ವಾಮೀ, ಪರದೆ ಎಳೀತೀನಿ, ಬೇಜಾರಿಲ್ಲ. ಆದ್ರೆ ತಪ್ಪು ಮಾಡೋನೇ ಇಲ್ದಿದ್ರೆ ಜನ ಯಾರನ್ನ ನೋಡಿ ನಗ್ಬೇಕು?" ಎಂಬ ಅವರ ಮನವಿಯು ನಿಗದಿತ ನಮೂನೆಯಲ್ಲಿ ಇಲ್ಲದಿರುವುದರಿಂದ ತಿರಸ್ಕರಿಸಲಾಗಿದೆ.

೭. ಮೇಲ್ಕಂಡಂತೆ ತಿದ್ದಿದ ನಾಟಕದ ಹೊಸ ಪ್ರಯೋಗದ ದಿನ ಪರದೆಯ ಹಗ್ಗ ಸಿಕ್ಕಿಕೊಂಡು, ಸದರಿ ನಟರು ಅದನ್ನು ಬಿಡಿಸಲು ವೇದಿಕೆಗೆ ಬಂದು, ಅಭ್ಯಾಸಬಲದಿಂದ ಪಕ್ಕದ ಮನೆಯ ಬಾಗಿಲು ತಟ್ಟಿರುತ್ತಾರೆ. ಆಗ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿರುತ್ತದೆ. "ಅಜ್ಜಾ, ಒಳಗ್ ಹೋಗ್ಬೇಡಿ, ಇಲ್ಲೇ ಇರಿ!" ಎಂದು ಹಿಂದಿನ ಸಾಲಿನಿಂದ ಕೂಗಿರುವುದೂ ವರದಿಯಾಗಿದೆ. ಹಸಿರು ದೀಪ ಹತ್ತಿರಲಿಲ್ಲ. ಹೀಗಾಗಿ ಆ ನಗು ರದ್ದಾದ ಪಾತ್ರಕ್ಕೆ ಸೇರಿದ್ದೆಂದು ತೀರ್ಮಾನಿಸಿ, "ಯಾರೂ ನಗಲಿಲ್ಲ" ಎಂದು ದಾಖಲಿಸಲಾಗಿದೆ.

೮. ಇಂಥ ಅನಧಿಕೃತ ನಗು ಮರುಕಳಿಸದಂತೆ, ಸದರಿ ನಟರನ್ನು ಇಂದಿನಿಂದಲೇ ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಅವರು ತಟ್ಟಿದ ಬಾಗಿಲಿಗೆ ಮೊಳೆ ಹೊಡೆಯಲು ಬಡಗಿಗೆ ಸೂಚಿಸಲಾಗಿದೆ.

(ಸಹಿ/-)
ಉಪನಿರ್ದೇಶಕರು, ನಗೆ ವಿಭಾಗ
(ನಾಟಕ ನೋಡಿರುವುದಿಲ್ಲ)

ಪ್ರತಿಗಳು:

೧. ತಜ್ಞರ ಸಮಿತಿಯ ಅಧ್ಯಕ್ಷರು: ಅಭಿನಂದನೆಗಳೊಂದಿಗೆ.

೨. ಬಡಗಿ: ಮೊಳೆ ಅವರೇ ತರತಕ್ಕದ್ದು.

೩. ಹಿಂದಿನ ಸಾಲಿನಿಂದ ಕೂಗಿದವರು: ಗುರುತು ಪತ್ತೆಯಾದ ನಂತರ.

೪. ಬಿಡುಗಡೆಗೊಂಡ ಹಿರಿಯ ನಟರು: ಇವರ ಬಳಿ ಮೊಬೈಲ್ ಇರುವುದಿಲ್ಲ. ಹೇಳಿ ಕಳುಹಿಸೋಣವೆಂದರೆ ಆ ಕೆಲಸಕ್ಕಿದ್ದವರು ಇವರೊಬ್ಬರೇ. ಆದಕಾರಣ ಈ ಪ್ರತಿಯನ್ನು ಕಚೇರಿಗೆ ಬಂದು ತಾವೇ ಪಡೆದು, ತಮ್ಮ ಮನೆಗೆ ತಾವೇ ಮುಟ್ಟಿಸತಕ್ಕದ್ದು. ಪಕ್ಕದ ಮನೆಯ ಬಾಗಿಲು ತಟ್ಟತಕ್ಕದ್ದಲ್ಲ. ತಟ್ಟಿ, ಅಲ್ಲಿ ಯಾರಾದರೂ ನಕ್ಕಲ್ಲಿ, ಇಲಾಖೆಯು ಹೊಣೆಯಲ್ಲ.