ಅಗಲವಾದ ಟೀವಿಯೂ ಸಂಡೂರಿನ ವರನೂ

ಟೀವಿಗೆ ಎರಡೇ ಗುಂಡಿಗಳಿದ್ದ ಕಾಲದಲ್ಲಿ ಮನುಷ್ಯ ಸುಖವಾಗಿದ್ದ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದನ್ನು ತಿರುಗಿಸಿದರೆ ದನಿ, ಇನ್ನೊಂದನ್ನು ತಿರುಗಿಸಿದರೆ ಚಾನೆಲ್. ಚಿತ್ರ ಕುಣಿದರೆ ನೆತ್ತಿಯ ಮೇಲೊಂದು ಏಟು. ಸೆಟ್ಟಿಂಗ್ ಎಂಬ ಪಿಡುಗು ಬಂದ ಮೇಲೆ ಆ ನೆಮ್ಮದಿ ಹಾಳಾಯಿತು. ಅದರಿಂದ ನನ್ನ ಸಂಸಾರ ಮುರಿಯಲಿಲ್ಲ, ನಿಜ. ಆದರೆ ನನ್ನ ನಾದಿನಿಯ ಸಂಸಾರ ಶುರುವಾಗುವ ಮೊದಲೇ ಮುರಿಯುವುದರಲ್ಲಿತ್ತು.

ಹೊಸಪೇಟೆಗೆ ಅದಿರಿನ ಹುಚ್ಚು ಹಿಡಿದಿದ್ದ ವರ್ಷಗಳು ಅವು. ಗಾದಿಗನೂರಿನ ಹತ್ತಿರ ಏನೂ ಬೆಳೆಯದ ನನ್ನ ತುಂಡು ಹೊಲದಲ್ಲಿ ಲಾರಿಗಳು ನಿಲ್ಲತೊಡಗಿದವು, ಬಾಡಿಗೆ ಬಂತು, ಬಾಡಿಗೆಯ ಹಿಂದೆಯೇ ಗೋಡೆಯಗಲದ ಟೀವಿಯೂ ಬಂತು. ಲಾರಿ ಮಾಲೀಕನಾಗಿದ್ದ ನನ್ನ ಹೆಂಡತಿಯ ಅಣ್ಣ ವೀರೇಶ ದುಬೈ ನೋಡಲು ಹೋದವನು, ಮಕ್ಕಳಿಗಿರಲಿ ಎಂದು ವಿಡಿಯೊ ಗೇಮಿನ ಪೆಟ್ಟಿಗೆ ತಂದುಕೊಟ್ಟ. ಮಕ್ಕಳು ವಾರದಲ್ಲೇ ಬೇಸತ್ತರು. ಅದರ ಕಾರ್ ರೇಸಿಗೆ ಬಿದ್ದವನು ನಾನು, ಕಾಲೇಜಿನಲ್ಲಿ ಇತಿಹಾಸ ಹೇಳುವ, ಸ್ಕೂಟರ್ ಓಡಿಸಲೂ ಹೆದರುವ ಮೇಷ್ಟ್ರು.

ಆಟ ಹಾಕಿದರೆ ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ. ಪೂರಾ ಟೀವಿ ತಂದು ಮುಕ್ಕಾಲು ಟೀವಿ ನೋಡುವುದೆಂದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಝೂಮ್ ಒತ್ತಿದರೆ ವೇಗ ತೋರಿಸುವ ಅಂಕಿಯೇ ಮಾಯ. ಕೊನೆಗೆ ಪೆಟ್ಟಿಗೆಯಲ್ಲೂ ವೈಡ್, ಟೀವಿಯಲ್ಲೂ ವೈಡ್ ಎಂದು ಇಟ್ಟ ದಿನ ರಸ್ತೆ ಗೋಡೆಯಿಂದ ಗೋಡೆಗೆ ಹಾಸಿಕೊಂಡಿತು. ಆಹಾ! ರಿಮೋಟನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ವರ್ಷವಿಡೀ ಅಲ್ಲೇ ಕೂತೆ.

ಆಗ ನಾದಿನಿ ಗಿರಿಜೆಗೆ ಸಂಡೂರಿನಿಂದ ಒಂದು ಸಂಬಂಧ ಬಂತು. ಹುಡುಗ ಗಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದ. ಅವರು ಮೊದಲು ಕಳಿಸಿದ್ದು ಅವನ ಅಣ್ಣನ ಮದುವೆಯ ಸಿ.ಡಿ. ಹುಡುಗನನ್ನೂ ನೋಡಿದಂತಾಯಿತು, ಬಂಧುಬಳಗವನ್ನೂ ಅಳೆದಂತಾಯಿತು ಎಂದು ಹಾಗೆ ಮಾಡುತ್ತಿದ್ದರು. ದೊಡ್ಡ ಟೀವಿ ನಮ್ಮಲ್ಲಿದೆಯೆಂದು ಅತ್ತೆಯವರು ಗಿರಿಜೆಯನ್ನು ಕರೆದುಕೊಂಡು ಕಂಪ್ಲಿಯಿಂದ ಬಂದರು.

ಹಾಕಿದೆವು. ಮೆರವಣಿಗೆಯ ಕುದುರೆ ಎಮ್ಮೆಯ ಹಾಗೆ ಕಂಡಿತು. ಅಷ್ಟರಲ್ಲಿ ಹುಡುಗ ಊಟದ ಪಂಕ್ತಿಯಲ್ಲಿ ಕಾಣಿಸಿಕೊಂಡ. ಹಲ್ಲಿಲ್ಲದ ಮುದುಕಿಯೊಬ್ಬಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಕೊಡುತ್ತಿದ್ದ. ಗಿರಿಜೆಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅತ್ತೆಯವರ ಮುಖ ಮಾತ್ರ ಗಂಟಾಯಿತು.

"ಅಳಿಯಂದ್ರ, ಏನ್ರಿ ಇದು? ಹುಡುಗ ಅಕ್ಕಿ ಮೂಟಿ ಇದ್ದಂಗ ಅದಾನ! ಬ್ಯಾಡ್ರಿ, ಈ ಸಂಬಂಧ ಬ್ಯಾಡ."

"ಅತ್ತಿ, ಹುಡುಗನ್ದು ತಪ್ಪಿಲ್ಲ. ಗೇಮಿಗಂತ ಟೀವಿ ವೈಡ್ ಇಟ್ಟೀನಿ, ಸಿ.ಡಿ. ಚಿತ್ರ ಅಗಲಕ್ಕ ಎಳದಂಗ ಆಗೇತಿ," ಎಂದು ನಾರ್ಮಲ್ ಒತ್ತಿದೆ. ಹುಡುಗ ತೆಳ್ಳಗಾದ. ಬದಿಗಳಲ್ಲಿ ಕಪ್ಪು ಪಟ್ಟಿಗಳೂ ಬಂದವು.

"ಎರಡೂ ಕಡಿ ಕರೇ ಹಲಗಿ ಇಟ್ಟು ಒತ್ತೀರಲ್ರಿ! ಹಂಗ ಒತ್ತಿದ್ರ ಯಾರರ ಸಣ್ಣ ಆಗ್ತಾರ. ನಮಗೇನು ಕಣ್ಣಿಲ್ಲೇನು?"

ಬಾಯಿ ಒಣಗುವವರೆಗೆ ವಿವರಿಸಿದೆ. ನಾನು ವಿವರಿಸಿದಷ್ಟೂ ಹುಡುಗನ ಕಡೆಯವರಿಂದ ಏನೋ ತಿಂದಿದ್ದೇನೆ ಎಂಬ ಅನುಮಾನ ಬಲವಾಯಿತು. ಹೆಂಡತಿ ಶಾರದೆಯೇ ಒಂದು ದಾರಿ ತೋರಿಸಿದಳು. "ಗೊತ್ತಿದ್ದವರನ್ನ ಹಾಕಿ ನೋಡ್ರಿ. ಯಾವುದು ಖರೆ ಅಂತ ತಿಳೀತದ." ಗೇಮಿನ ಪೆಟ್ಟಿಗೆ ಬರುವ ಮೊದಲು ನಡೆದಿದ್ದ ವೀರೇಶನ ಗೃಹಪ್ರವೇಶದ ಸಿ.ಡಿ. ಹಾಕಿ, ಅದರಲ್ಲಿ ನಾನಿದ್ದ ಕಡೆ ನಿಲ್ಲಿಸಿ, ಟೀವಿಯ ಪಕ್ಕದಲ್ಲಿ ನಾನೇ ಎದೆ ಸೆಟೆಸಿ ನಿಂತೆ. ಬುದ್ಧಿಗೇಡಿ ನಾನು.

ನಾರ್ಮಲ್‌ನಲ್ಲಿ ರೇಷ್ಮೆ ಅಂಗಿಯ ಸಣಕಲ ಒಬ್ಬ ಕಂಡ. "ಇವರು ಯಾರ್ರಿ?" ಎಂದಳು ಶಾರದೆ. ವೈಡ್ ಒತ್ತಿದೆ. ಮೂವರೂ ಒಮ್ಮೆ ಪರದೆ, ಒಮ್ಮೆ ನನ್ನನ್ನು ನೋಡಿದರು.

"ಹಾಂ! ಈಗ ನೀವು ಬಂದ್ರಿ ನೋಡ್ರಿ!" ಎಂದರು ಅತ್ತೆ. "ಇದ ಖರೆ. ಹುಡುಗ ಮೂಟಿನ."

ಅಯ್ಯೋ ದೇವರೇ! ಒಂದು ವರ್ಷ ತಿಂದ ಮಿರ್ಚಿ ಸಂಡೂರಿನ ಒಬ್ಬ ಬಡಪಾಯಿಯ ಮದುವೆಗೆ ಅಡ್ಡ ಬರಬೇಕೆ? ನನ್ನ ಮಾತಿಗೆ ನನ್ನ ಹೊಟ್ಟೆಯೇ ಎದುರು ಸಾಕ್ಷಿ ಹೇಳಿತ್ತು. ತಲೆಯ ಮೇಲೆ ಕೈಹೊತ್ತು ಕೂತೆ.

ಗಿರಿಜೆ ಎದ್ದು ನಿಂತಳು. "ಅವ್ವ, ಮೂಟಿ ಆದ್ರ ಆಗ್ಲಿ. ಆ ಮುದುಕಿಗೆ ಹೋಳಿಗಿ ಕಿವುಚಿ ಕೊಟ್ಟಾನಲ್ಲ, ಅದನ್ನೇನು ಟೀವಿ ಮಾಡಿಲ್ಲ. ಅಕ್ಕ ಮಾಮನ ಜೋಡಿ ಬಾಳ್ವಿ ಮಾಡಾಕತ್ತಿಲ್ಲೇನು? ಹುಡುಗ ಬರ್ಲಿ, ನೋಡೋಣ." ನನ್ನ ಮರ್ಯಾದೆ ಹೋದರೂ ಸಂಬಂಧ ಉಳಿಯಿತಲ್ಲ ಎಂದು ಸಿ.ಡಿ. ತೆಗೆದಿಟ್ಟೆ.

ಭಾನುವಾರ ಹುಡುಗ ಬಂದ. ನೆಟ್ಟಗೆ, ತೆಳ್ಳಗೆ ಇದ್ದ. ಅತ್ತೆಯವರು ಅಡುಗೆಮನೆಯಿಂದ ಎರಡೆರಡು ಸಲ ಇಣುಕಿದರು. ಆ ಹುಡುಗ ಟೀವಿಯಲ್ಲಿ ಓಡುತ್ತಿದ್ದ ಗೇಮ್ ನೋಡಿ, "ಸರ್, ವೈಡ್ ಇಟ್ಟೀರಿ. ಗೇಮಿಗೆ ಇದ ಕರೆಕ್ಟ್ ಸೆಟ್ಟಿಂಗ್," ಎಂದ. ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ ಅನ್ನುವುದೇ ನನ್ನ ಹಣೆಬರಹ. ಶಾರದೆ ಬಂದವಳೇ ನನ್ನ ಮುಂದಿದ್ದ ಮಿರ್ಚಿ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

ಮದುವೆಯೂ ಆಯಿತು. ನಾರ್ಮಲ್ಲೇ ಖರೆ ಎಂದು ಒಪ್ಪಿದ ಅತ್ತೆಯವರ ಅಪ್ಪಣೆಯಂತೆ ನಮ್ಮ ಟೀವಿ ಸದಾ ಅದರಲ್ಲೇ ಇರತೊಡಗಿತು. ನಾನು ಕಪ್ಪು ಪಟ್ಟಿಗಳ ನಡುವಿನ ಇಕ್ಕಟ್ಟು ರಸ್ತೆಯಲ್ಲಿ ಕಾರು ಓಡಿಸತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ಗಿರಿಜೆಯ ಮದುವೆಯ ಸಿ.ಡಿ. ಬಂತು. ಎಲ್ಲರೂ ಕೂತು ನೋಡಿದೆವು. ಹುಡುಗ ಹುಡುಗನಂತೆ ಕಂಡ, ಕುದುರೆ ಕುದುರೆಯಂತೆ ಕಂಡಿತು. ಅಕ್ಷತೆ ಹಾಕಲು ನಾನು ವೇದಿಕೆ ಹತ್ತಿದ್ದೇ ತಡ, ಅತ್ತೆಯವರು ತಿರುಗಿ ಕೂಗಿದರು:

"ಶಾರದಾ, ಆ ಬಟನ್ ಮತ್ತ ಯಾರೋ ಒತ್ಯಾರ ನೋಡವಾ!"