ಬಣ್ಣದ ಚೌಕಟ್ಟಿನ ಜಗಳಗಳು

ಸೀರೆ ಮೇಲೆ ಹೂವು ಮೂಡಿಸೋರ ಮನೆಯಲ್ಲಿ ಜಗಳಕ್ಕೇನು ಬರ? ಹೊನ್ನಾಳಿಯ ನಮ್ಮ ಮನೆಯಲ್ಲಂತೂ ವಾರಕ್ಕೊಂದು ಖಾಯಂ. ಆಗಿನ್ನೂ ಮಹಾರಾಜರ ಆಳ್ವಿಕೆ. ಮುಂಬಯಿ ಮಿಲ್ಲಿನಲ್ಲಿದ್ದ ನನ್ನ ಅಣ್ಣ ಮರದ ಚೌಕಟ್ಟುಗಳಿಗೆ ತೆಳು ರೇಷ್ಮೆ ಬಿಗಿದು ತಂದುಕೊಟ್ಟಿದ್ದ. ಚಿತ್ರದ ಜಾಗ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅರಗು ಬಳಿದಿರುತ್ತೆ. ಸೀರೆ ಮೇಲಿಟ್ಟು ಬಣ್ಣ ಎಳೆದರೆ ಚಿತ್ರ ಮಾತ್ರ ಕೆಳಗಿಳಿಯುತ್ತೆ.

ಸೊಸೆ ಕೆಂಪು ಕೈ, ನೀಲಿ ಕೈ ಮಾಡಿಕೊಂಡು ಓಡಾಡೋದು ಮಾವನಿಗೆ ಅವಮಾನ. ಇನ್ನೊಂದು ದೂರು ಬಂದರೆ ಚೌಕಟ್ಟೆಲ್ಲ ಒಲೆಗೆ ಅಂದುಬಿಟ್ಟರು. ಒಲೆ ಹಚ್ಚೋಳು ನಾನೇ ತಾನೆ, ನೋಡೇಬಿಡೋಣ ಅಂದುಕೊಂಡೆ.

ಮುನಿದ ಗಿಳಿಗಳು

ನ್ಯಾಮತಿಯ ಮದುವೆ ಮನೆಯವರು ಜೋಡಿ ಗಿಳಿಯ ಸೀರೆ ಕೇಳಿದ್ದರು. ಎಡದ ಗಿಳಿಗೊಂದು, ಬಲದ ಗಿಳಿಗೊಂದು ಚೌಕಟ್ಟು. ಅವಸರದಲ್ಲಿ ಅದಲು ಬದಲಾಗಿ, ಸೆರಗಿನ ತುಂಬ ಗಿಳಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತವು.

ಮದುಮಗಳ ಸೋದರತ್ತೆ ಸೀರೆ ಹಿಡಿದುಕೊಂಡೇ ಬಂದಳು. ಗಂಡ ಹೆಂಡತಿ ಹಿಂಗೆ ಮುಖ ತಿರುವಿಕೊಂಡು ಕೂತರೆ ಶುಭವೇನೇ ಅಂತ ಕೇಳಿದಳು. ಒಳಗೆ ಮಾವ ಕಿವಿಗೊಟ್ಟು ಕೂತಿದ್ದರು. ನಾನು ಬಗ್ಗಲಿಲ್ಲ.

"ಮದುವೆಯಾಗಿ ಒಂದು ವರ್ಷ ಕಳೀಲಿ ಅಕ್ಕಾರೆ. ಆಮೇಲೂ ಮುಖಾಮುಖಿ ಕೂತಿದ್ರೆ, ಆಗ ಸೀರೆ ವಾಪಸ್ ತರ್ರಿ."

ಸೀರೆ ವಾಪಸ್ ಬರಲಿಲ್ಲ.

ಕುರಿಗಳ ಬಾಯಿ

ಜಗಳೂರಿನಲ್ಲಿ ನೆಂಟರ ಹಿತ್ತಲಲ್ಲಿ ಕೆಲಸ ಹೂಡಿದ್ದೆ. ಬಣ್ಣ ಹರಡದಿರಲಿ ಅಂತ ಅದಕ್ಕೆ ಹುಣಸೆ ಬೀಜದ ಗಂಜಿ ಬೆರೆಸುತ್ತೇವೆ. ಕೆಂಪು ಹೂವಿನ ಸೀರೆ ಹರವಿ ಉಣ್ಣಾಕೆ ಒಳಗೆ ಹೋದೆ. ಬರೋದರೊಳಗೆ ಕುರಿಗಳು ಗಂಜಿ ರುಚಿ ಹಿಡಿದು ಹೂವೆಲ್ಲ ನೆಕ್ಕಿಬಿಟ್ಟಿದ್ದವು.

ಕುರಿಗಳ ಕೆಂಪು ಬಾಯಿ ನೋಡಿ ಕುರಿಯವನು ಎದೆ ಬಡಿದುಕೊಂಡ. ರಕ್ತ ಕಾರ್ತಾವೆ, ನೀನೇ ಏನೋ ತಿನ್ನಿಸಿದ್ದೀಯ, ನಿನ್ನ ಮಾವನಿಗೆ ಹೇಳ್ತೀನಿ ಅಂದ. ಉರಿದುಹೋಯಿತು ನನಗೆ.

"ಹೇಳು ಹೋಗಪ್ಪ. ತಿಂದಿದ್ದು ನನ್ನ ಸೀರೆ. ಉಣ್ಣೆ ಕತ್ತರಿಸೋವಾಗ ಹೂವು ಬಂದರೆ ಆ ಕಂಬಳಿ ನಂದು."

ಮಾವನ ಪಂಚೆ

ಹೊನ್ನಾಳಿ ಸಂತೆಗೆ ಬಂದಾಗ ಕುರಿಯವನು ಹೇಳೇಬಿಟ್ಟ. ಮಾರನೇ ವಾರ ಮಾವ ಬೆಳ್ಳನೆ ಪಂಚೆ ಉಟ್ಟು ಜಗುಲಿಗೆ ಬಂದರು. ಅಲ್ಲಿ ಮಾವಿನಕಾಯಿ ಅಂಚಿನ ಸೀರೆ ಹಸಿಹಸಿಯಾಗಿ ಹರವಿತ್ತು. ಸಿಟ್ಟಿನಲ್ಲಿ ನೋಡದೆ ಅದರ ಮೇಲೇ ಕೂತು, ಇವತ್ತಿಗೆ ನಿನ್ನ ಕೆಲಸ ಮುಗೀತು ಅಂತ ಶುರು ಮಾಡಿದರು. ಏಳಿ ಅಂತ ಹೇಳಬಹುದಿತ್ತು. ಆದರೆ ಸೊಸೆ ಮಾವನ ಮಾತಿಗೆ ಅಡ್ಡ ಬಾಯಿ ಹಾಕಬಾರದು ಅಂತ ಅವರೇ ಕಲಿಸಿದ್ದರು. ವಿಧೇಯಳಾಗಿ ಸುಮ್ಮನಿದ್ದೆ. ಅವರು ಪೂರ್ತಿ ಬೈದು, ಸಂಜೆ ಬಂದು ಚೌಕಟ್ಟು ಒಡೀತೀನಿ ಅಂತ ಹೇಳಿ, ಊರಿಗೆ ಸಾರಾಕೆ ಪೇಟೆಗೆ ಹೊರಟರು.

ಜವಳಿ ಅಂಗಡಿಯಲ್ಲಿ ಸಾರಿದರಂತೆ, ನಮ್ಮ ಮನೆಯಲ್ಲಿ ಇನ್ಮೇಲೆ ಬಣ್ಣದ ಕೆಲಸ ಇಲ್ಲ ಅಂತ. ಆಮೇಲೆ ಹೊರಡಾಕೆ ತಿರುಗಿದರು. ಅಂಗಡಿಯವನ ಹೆಂಡತಿ ಒಳಗಿಂದ ಓಡಿಬಂದು, ಯಜಮಾನ್ರೇ ಒಂದು ಗಳಿಗೆ ಹಂಗೇ ನಿಂತ್ಕೊಳ್ಳಿ, ಇದೇ ಅಂಚು ನನಗೂ ಬೇಕು ಅಂದಳಂತೆ.

ಸಂಜೆ ಮಾವ ಗೋಡೆಗೆ ಬೆನ್ನು ಸವರಿಕೊಂಡೇ ಮನೆಯೊಳಗೆ ಬಂದರು. ಚೌಕಟ್ಟಿನ ಸುದ್ದಿ ಎತ್ತಲಿಲ್ಲ. ಬಾಗಿಲ ಕಡೆ ನೋಡಿಕೊಂಡು ಕೇಳಿದರು: "ಅಂಗಡಿಯವನ ಹೆಂಡತಿಗೆ ಇದೇ ಅಂಚು ಬೇಕಂತೆ. ಹಾಕಾಕೆ ಆಗ್ತೈತಾ?"

"ಆಗ್ತೈತ್ರೀ ಮಾವ," ಅಂದೆ. "ಆದ್ರೆ ಅಷ್ಟು ಚೆಂದ ಬರಬೇಕಂದ್ರೆ ನೀವೇ ಬಂದು ಕೂರಬೇಕು."