ಎರಡು ಮಡಿಕೆಯ ಅರಿವೆ

ನಮ್ಮ ಮಾಮಾ ಹುಡುಗರಿಗೆ ಕೆಲಸ ಕಲಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಕಲಿಸುತ್ತಿರಲಿಲ್ಲ, ಗೋಳು ಹುಯ್ದುಕೊಳ್ಳುತ್ತಿದ್ದರು! ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ ಕಡೆ ಜನ ಮೆಟ್ಟಿಲ ಬಾವಿಗೆ ಇಳಿದು ನೀರು ತರುತ್ತಿದ್ದರು. ಆ ನೀರು ಕುಡಿದವರ ಕಾಲಿನಿಂದ ವರ್ಷದ ನಂತರ ದಾರದಂಥ ಹುಳು ಹೊರಬರುತ್ತಿತ್ತು. ಅದೇ ನಾರುಹುಣ್ಣು. ಯಾವ ಮನೆಯಲ್ಲಿ ಎಷ್ಟು ಜನರಿಗಿದೆ ಎಂದು ತಿರುಗಿ ಬರೆಯುವುದು ನಮ್ಮ ಕೆಲಸ. ಮಾಮಾ ಹೆಲ್ತ್ ಇನ್ಸ್‌ಪೆಕ್ಟರು, ನಾನು ತಾತ್ಕಾಲಿಕ. ವರ್ಷದ ಕೊನೆಗೆ ಅವರು ಸಹಿ ಹಾಕಿದರೆ ನನ್ನ ನೌಕರಿ ಉಳಿಯಬೇಕು.

ಮೊದಲ ವಾರ ನನ್ನ ಕೈಗೆ ಪೆನ್ಸಿಲ್ಲೇ ಕೊಡಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂಡಿಸಿ, ಇಳಿಯುವವರ ಕಾಲು ನೋಡು ಎಂದರು. ಮೂರನೆಯ ದಿನ ಹೆಂಗಸರು ನನ್ನನ್ನು ಅಟ್ಟಿಸಿಕೊಂಡು ಬಂದರು. ಮಾಮಾ ಬೇವಿನ ನೆರಳಲ್ಲಿ ತಂಬಾಕು ತಿಕ್ಕುತ್ತ ಕೂತಿದ್ದರು.

"ಅಟ್ಟಿಸಿಕೊಂಡು ಬಂದವರಾಗ ಕುಂಟ್ಕೊಂತ ಬಂದವರು ಎಷ್ಟು ಮಂದಿ? ನೋಡಿದೇನು?"

ಹೊರದೇಶದಿಂದ ಬಂದ ತಜ್ಞನೊಬ್ಬನಿಗೂ ಇದೇ ಪಾಠ. ಪಾಪ, ಆತ ಸಂಜೆಯವರೆಗೂ ಕಟ್ಟೆ ಬಿಟ್ಟು ಏಳಲಿಲ್ಲ. ಮೂಗು ಬಿಸಿಲಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು!

ಇನ್ನು ಅವರ ಅರಿವೆ. ಎಲ್ಲಿ ನೀರು ಕೊಟ್ಟರೂ ಜೇಬಿನಿಂದ ಬಿಳಿ ಬಟ್ಟೆ ತೆಗೆದು, ಎರಡು ಮಡಿಕೆ ಮಾಡಿ, ಸೋಸಿಯೇ ಕುಡಿಯುವುದು. ನಾಲತವಾಡದ ಮದುವೆಯಲ್ಲಿ ಬೀಗರು ಕೊಟ್ಟ ಪಾನಕವನ್ನೂ ಸೋಸಿದರು. ಬೀಗರು ಎರಡು ವರ್ಷ ಮಾತಾಡಲಿಲ್ಲ.

ಒಮ್ಮೆ ಒಂದು ಊರ ಹೊರಗಿನ ಕೇರಿಯಲ್ಲಿ ಮುದುಕಿಯೊಬ್ಬಳು ನಮಗೆ ತಂಬಿಗೆ ನೀರು ಕೊಟ್ಟಳು. ನಾನು ಜಾಣ ಶಿಷ್ಯನಲ್ಲವೇ? ಕೂಡುವ ಮೊದಲೇ ಅರಿವೆ ತೆಗೆದೆ.

"ನಮ್ಮ ಮನಿ ನೀರಂತ ಸೋಸಾಕತ್ತೀರೇನ್ರಿ?" ಎಂದಳು.

ನಮ್ಮಲ್ಲಿ ಯಾರಿಗೂ ಹುಣ್ಣಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಯಾರೋ ನರಳುತ್ತಿದ್ದರು. ಮೊದಲು ಕೂತು ಮಾತಾಡಬೇಕು, ಅರಿವೆ ಆಮೇಲೆ ಎಂದು ಮಾಮಾ ಹೇಳಿಯೇ ಇರಲಿಲ್ಲ. ಇದೆಂಥ ಕಲಿಸುವ ರೀತಿ! ಅವರು ನನ್ನ ಕೈಯಿಂದ ತಂಬಿಗೆ ಕಸಿದುಕೊಂಡರು.

"ಸಿಟ್ಟಾಗಬ್ಯಾಡವ್ವಾ, ಹುಡುಗಗ ತಿಳಿಯಂಗಿಲ್ಲ," ಎಂದು ಸೋಸದ ನೀರನ್ನು ಗಟಗಟ ಕುಡಿದರು.

ಮುದುಕಿ ಸರಿದು ನಿಂತಳು. ಒಳಗೆ ನಾಲ್ಕು ಜನ ಮಲಗಿದ್ದರು.

ಮುಂದಿನ ವರ್ಷ ಮಾಮಾ ನನ್ನೆದುರು ಎಡಗಾಲು ಚಾಚಿದರು. ಮುಂಗಾಲಿನಿಂದ ಹುಳು ಇಣುಕುತ್ತಿತ್ತು. ಬರೆದುಕೋ ಎಂದರು. ಹೆಸರು, ವಯಸ್ಸು ಬರೆದೆ. ಯಾವ ನೀರು ಎಂಬಲ್ಲಿ ಪೆನ್ಸಿಲ್ ನಿಂತಿತು.

"ಆ ಮುದುಕಿ ಮನೀದಂತ ಬರೀಬ್ಯಾಡ. ನಿನ್ನ ಹೆಸರೂ ಬ್ಯಾಡ. ಬಾವಿ ನೀರು ಅಂತ ಬರಿ."

ಒಂದು ಕೈಯಲ್ಲಿ ಹುಳುವನ್ನು ಹರಿಯದಂತೆ ಹೊರಗೆಳೆಯಲು ಕಡ್ಡಿಗೆ ಸುತ್ತುತ್ತ, ಇನ್ನೊಂದರಲ್ಲಿ ನನ್ನ ನೌಕರಿಯ ಕಾಗದಕ್ಕೆ ಸಹಿ ಹಾಕಿದರು.

ಹೋದ ತಿಂಗಳು ಮಾಮಾ ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ಮಾಮಿ ನನ್ನ ಕೈಗೆ ತಂಬಿಗೆ ಕೊಟ್ಟು, ಬಾಯಿಗೆ ನೀರು ಬಿಡು ಎಂದರು. ಈಗ ನಳದ ನೀರು. ಆ ಹುಳು ಕಾಣದೆ ಎಷ್ಟೋ ವರ್ಷವಾಯಿತು. ಆದರೂ ನನ್ನ ಕೈ ಕರವಸ್ತ್ರವನ್ನು ಎರಡು ಮಡಿಕೆ ಮಾಡಿತ್ತು.

"ಈಗ್ಯಾಕೋ ಸೋಸ್ತಿ?" ಎಂದರು ಮಾಮಿ.

ಮಾಮಾ ತುಟಿ ತೆರೆದು ಕಾಯುತ್ತಿದ್ದರು. ನಾನು ಸೋಸಿಯೇ ಹಾಕಿದೆ.